ದ್ವೀಪದ ಗುಹೆಯಿಂದ ಮೇಲಕ್ಕೆ

ರಾಬರ್ಟ್‌ಸನ್‌ಪೇಟೆಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಿಂದ ಅಪ್ಪ ಒಂದು ಕಥೆಗಳ ಪುಸ್ತಕ ತಂದಿದ್ದರು. ಎಲ್ಲವೂ ದೂರದ ಬಿಸಿಲು ದ್ವೀಪಗಳಲ್ಲಿ ನಡೆಯುವ ಪತ್ತೇದಾರಿ ಸಾಹಸಗಳು: ಕಾಣೆಯಾದ ಹಡಗು, ಮುತ್ತಿನ ಕಳ್ಳರು, ತೆಂಗಿನ ತೋಪಿನಲ್ಲಿ ಸಿಕ್ಕ ಹೆಣ. ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಬೇತಮಂಗಲದ ಕೆರೆಯನ್ನೇ ಮನಸ್ಸಿನಲ್ಲಿ ಹಿಗ್ಗಿಸಿಕೊಂಡು ಸುಧಾರಿಸುತ್ತಿದ್ದೆವು. ಅಮ್ಮ ಕ್ಯಾಸಂಬಳ್ಳಿ ಕಡೆಯ ರೈತರ ಮಗಳು. ಆ ದ್ವೀಪದವರು ರಾಗಿ ಇಲ್ಲದೆ ಹೇಗೆ ಬದುಕುತ್ತಾರೆ ಎಂಬುದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ರಹಸ್ಯ.

ಅಪ್ಪನಿಗೆ ಉರಿಗಾಂ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ. ಮಧ್ಯಾಹ್ನದ ಶಿಫ್ಟು ಇದ್ದ ವಾರ, ಅವರು ಮುದ್ದೆ ಉಣ್ಣುವಾಗ ನಾನು ಒಂದು ಕಥೆ ಗಟ್ಟಿಯಾಗಿ ಓದಬೇಕಿತ್ತು. ಹತ್ತು ವರ್ಷದ ಹುಡುಗಿ, ಓದುವ ಜಂಬ ಮಾತ್ರ ಊರಿಗಾಗುವಷ್ಟು. ಓದು ಬಾರದ ಅಮ್ಮ ಒಲೆಯ ಬಳಿ ಕೂತು ಕೇಳುವಳು. ಅವಳದೊಂದು ಕಟ್ಟಳೆ ಇತ್ತು. ಕಥೆಯಲ್ಲಿ ಯಾರಾದರೂ ನೆಲದೊಳಗೆ ಇಳಿದರೆ, ಅವರು ಮೇಲೆ ಬರುವ ತನಕ ಅಪ್ಪ ಮನೆ ಬಿಡುವಂತಿಲ್ಲ. ಬೆಕ್ಕು ಅಡ್ಡ ಬಂದರೂ ಕ್ಯಾರೆ ಅನ್ನದ ಹೆಂಗಸು, ಇದೊಂದರಲ್ಲಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ.

ಒಂದು ದಿನದ ಕಥೆಯಲ್ಲಿ ಮುತ್ತು ಹುಡುಕುವವನೊಬ್ಬ ದ್ವೀಪದ ಗುಹೆಗೆ ಇಳಿದ. ಬಂಡೆ ಕುಸಿಯಿತು. ಬಾಯಿ ಓದುತ್ತಿದ್ದಂತೆ ನನ್ನ ಕಣ್ಣು ಪುಟದ ಕೊನೆಗೆ ಓಡಿತು. ಅವನು ಅಲ್ಲೇ ಸತ್ತಿದ್ದ. ಶಿಫ್ಟಿಗೆ ಹೊತ್ತಾಗುತ್ತಿತ್ತು, ಅಮ್ಮ ಬುತ್ತಿಯ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಸತ್ತ ಎಂದು ಓದಿದರೆ ಅವಳು ಅದನ್ನು ಕೊಡುವುದಿಲ್ಲ, ಅಪ್ಪ ಕೆಲಸಕ್ಕೆ ಹೋಗುವಂತಿಲ್ಲ. ಆ ಕಥೆ ಬರೆದವನ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು ಬಾಯಿಗೆ ಬಂದದ್ದನ್ನು ಓದಿದೆ. ಊರವರು ಓಡಿ ಬಂದರು, ನಾರಿನ ಹಗ್ಗ ಇಳಿಬಿಟ್ಟರು, ಎಂಟು ಜನ ಸೇರಿ ಎಳೆದರು, ಮೇಲೆ ಬಂದವನಿಗೆ ಹೆಂಡತಿ ಬಿಸಿಬಿಸಿ ಮುದ್ದೆ ಇಕ್ಕಿದಳು. ಗಾಬರಿಯಲ್ಲಿ ದ್ವೀಪದಲ್ಲಿ ರಾಗಿಯನ್ನೂ ಬೆಳೆದುಬಿಟ್ಟಿದ್ದೆ. ಅಪ್ಪ ತಲೆ ಎತ್ತದೆ ಕೈ ತೊಳೆದರು. ಅಮ್ಮ ಡಬ್ಬಿ ಕೊಟ್ಟಳು.

ಮರುದಿನ ಬೆಳಿಗ್ಗೆ, ಅಪ್ಪ ಇನ್ನೂ ಮಲಗಿದ್ದಾಗ, ಅಮ್ಮ ನನಗೆ ಜಡೆ ಹಾಕುತ್ತ ಮೆಲ್ಲಗೆ ಅಂದಳು:

“ನೆನ್ನೆ ಅಷ್ಟೊತ್ತು ಓದ್ದೆ, ಒಂದು ಪೇಜೂ ಮಗುಚ್ಲಿಲ್ಲ ಕಣವ್ವ.”

 ಗೊತ್ತಿದ್ದೂ ಅಪ್ಪನನ್ನು ಯಾಕೆ ಕಳಿಸಿದೆ ಎಂದು ಕೇಳಿದೆ. ಅವಳು ಜಡೆಯ ತುದಿಗೆ ಗಂಟು ಹಾಕಿದಳು.

“ಅವ್ನನ್ನ ಮೇಲಕ್ಕೆ ತರೋಕೆ ನೀನು ಅಷ್ಟು ಒದ್ದಾಡ್ತಿದ್ದೆ. ಕೆಳಗಿಳಿದೋರ್ನ ಅಲ್ಲೇ ಬಿಟ್ಟು ಓಗಲ್ಲ ಇವ್ಳು ಅಂತ ಧೈರ್ಯ ಬಂತು.”