ಕಾಕುವಿನ ಮೊಬೈಲಿನ ಅರ್ಧ ನಿಮಿಷ

ನಮ್ಮ ಭಾವುಸಾಹೇಬ ಕಾಕಾನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಅದರಲ್ಲೂ ಸಿನೆಮಾದ ಕೊನೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನಿಪ್ಪಾಣಿಯ ಟಾಕೀಸೊಂದರಲ್ಲಿ ಬಹಳ ವರ್ಷ ಗೇಟ್ ಕಾದವರು ಅವರು. ಟಿಕೆಟ್ ಹರಿದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಖುರ್ಚಿ ತೋರಿಸುವುದು ಕೆಲಸ. ಖುರ್ಚಿಯ ಜೊತೆಗೆ ಕಥೆಯ ಕೊನೆಯನ್ನೂ ತೋರಿಸಿಬಿಡುತ್ತಿದ್ದರು. "ಕೂಡ್ರಿ ಸಾವಕಾರ್ರ. ಆ ಹೀರೋನ ತಮ್ಮ ಅದಾನಲ್ರಿ, ಕಡೀಕ ಖೂನಿ ಮಾಡಾಂವ ಅಂವನ." ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬೈದವರಿಗೇ ಇಂಟರ್‌ವಲ್‌ನಲ್ಲಿ ಚಹಾ ಕುಡಿಸಿ ಮುಂದಿನ ವಾರದ ಸಿನೆಮಾ ಶುರು ಮಾಡುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಹೆಂಡತಿ ರಾಜಮತಿ ಕಾಕುವನ್ನೂ ಅದೇ ಟಾಕೀಸಿಗೆ ಕರೆದೊಯ್ದಿದ್ದರಂತೆ. ಪರದೆಯ ಮೇಲೆ ಇನ್ನೂ ಹೆಸರು ಬರುತ್ತಿರುವಾಗಲೇ, "ಕಡೀಕ ಹೀರೋಯಿನ್ ಸಾಯ್ತಾಳ, ನೀ ಅಳಬ್ಯಾಡ ಮತ್ತ" ಎಂದರಂತೆ. ಎದ್ದು ಹೊರಗೆ ಬಂದ ಕಾಕು ಮತ್ತೆಂದೂ ಗಂಡನ ಜೊತೆ ಸಿನೆಮಾಕ್ಕೆ ಹೋಗಲಿಲ್ಲ. "ನಮ್ಮನಿಯವರ ಕೂಡ ಸಂಸಾರ ಮಾಡಬಹುದು, ಸಿನೆಮಾ ನೋಡಾಕ ಆಗಂಗಿಲ್ಲ" ಎಂದು ಈಗಲೂ ನಗುತ್ತಾರೆ.

ಕಾಕು ಹಿಡಿದದ್ದು ಕ್ರಿಕೆಟ್. ಅದರ ಕೊನೆ ಕಾಕಾನಿಗೂ ಗೊತ್ತಿರುವುದಿಲ್ಲವಲ್ಲ!

ಬೇಡಕಿಹಾಳದ ಹೊರಗೆ, ಕಬ್ಬಿನ ಹೊಲಗಳ ನಡುವೆ ನಮ್ಮದು ನಾಲ್ಕೇ ಮನೆಯ ವಸ್ತಿ. ಇತ್ತೀಚೆಗೆ ಅವರ ಟಿವಿ ಸುಟ್ಟಾಗ ಕಾಕಾ ಪಂದ್ಯ ನೋಡಲು ಎದುರಿನ ನಮ್ಮ ಮನೆಗೆ ಬರತೊಡಗಿದರು. ಕಾಕು ಬರಲಿಲ್ಲ. "ನಿಮ್ಮ ಗದ್ದಲದಾಗ ಬಾಲೂ ಕಾಣಂಗಿಲ್ಲೋ ತಮ್ಮಾ" ಎಂದು ಮೂಗಿನ ಮೇಲೆ ಚಾಳೀಸು ಏರಿಸಿ, ಮಗಳು ಕೊಡಿಸಿದ ಮೊಬೈಲು ಹಿಡಿದು ಮನೆಯಲ್ಲೇ ಕೂತರು.

ಅಲ್ಲೇ ಆಯಿತು ಎಡವಟ್ಟು. ಅವರ ಮೊಬೈಲಿನ ಆಟ ನಮ್ಮ ಟಿವಿಗಿಂತ ಅರ್ಧ ನಿಮಿಷ ಹಿಂದೆ. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಸುವ ನಾನು, ಇಂಟರ್‌ನೆಟ್ಟಿನ ಚಿತ್ರ ಎಲ್ಲೆಲ್ಲೋ ನಿಂತು ಬರುತ್ತದೆ ಎಂದು ಕಾಕಾನಿಗೆ ವಿವರಿಸಿದೆ. "ಅಂದ್ರ ನಾವು ಎಕ್ಸ್‌ಪ್ರೆಸ್, ಆಕೀದು ಪ್ಯಾಸೆಂಜರ್" ಎಂದು ಅವರು ಹಿಗ್ಗಿದರು. ನಾನು ಸುಮ್ಮನಿರಬೇಕಿತ್ತು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಅಂದಿನಿಂದ ಪ್ರತಿ ವಿಕೆಟ್ಟಿಗೂ ಎದುರು ಮನೆಯ ಕಿಟಕಿಗೆ ಓಟ. "ಏ ರಾಜಮತಿ, ಈಗ ಔಟ್ ಆಕ್ಕಾನ ನೋಡ!"

ಫೈನಲ್ ಇದ್ದ ದಿನ ಮಧ್ಯಾಹ್ನ ಕಾಕು ನಮ್ಮ ಬಾಗಿಲಿಗೆ ಬಂದರು. ನಮ್ಮೆಲ್ಲರ ಎದುರಿಗೇ ಗಂಡನಿಗೆ ಹೇಳಿದರು: "ಸಿನೆಮಾ ಎಲ್ಲಾ ಹೋಗ್ಲಿ. ಇದೊಂದ ಮ್ಯಾಚಿನ ಕಡೀ ನಾನ ನೋಡತೇನ್ರಿ. ಇದೊಂದಾದ್ರೂ ನನಗ ಬಿಡ್ರಿ."

ಕಾಕು ಸಿಟ್ಟು ಮಾಡಿದ್ದರೆ ಕಾಕಾ ನಗುತ್ತಿದ್ದರು. ಹೀಗೆ ಕೇಳಿದ್ದಕ್ಕೆ ಅವರ ಮುಖ ಸಣ್ಣದಾಯಿತು. "ಹೇಳಂಗಿಲ್ಲ ಬಿಡ" ಎಂದರು. ನಾನಂತೂ ನಂಬಲಿಲ್ಲ. ನಾಯಿ ಬಾಲ ಎಂದಾದರೂ ನೆಟ್ಟಗಾದದ್ದುಂಟೇ?

ಸಂಜೆ ಪಂದ್ಯ ಕೊನೆಯ ಓವರಿಗೆ ಬಂತು. ಜಾಹೀರಾತು ಶುರುವಾದದ್ದೇ ಕಾಕಾ ಎದ್ದು ಹೊರಗೆ ಓಡಿದರು. ಹೋದರಲ್ಲಪ್ಪ ಕಿಟಕಿಗೆ ಎಂದುಕೊಂಡೆ. ಅವರು ಹೋದದ್ದು ಉಳಿದೆರಡು ಮನೆಗಳಿಗೆ. ಏದುಸಿರು ಬಿಡುತ್ತ ತಿರುಗಿ ಬಂದು, ಪಟಾಕಿ ಸರ ಹಿಡಿದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಲಗಮಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡರು.

"ಗೆಲ್ಲಲಿ, ಸೋಲಲಿ, ಯಾರೂ ಒದರಬ್ಯಾಡ್ರಿ. ಆಕಿ ಇನ್ನೂ ನೋಡಿರಂಗಿಲ್ಲ."

ಕೊನೆಯ ಎಸೆತಕ್ಕೆ ಮೂರು ರನ್ ಬೇಕಿತ್ತು. ಚೆಂಡು ಬೌಂಡರಿ ದಾಟಿತು. ಗೆದ್ದೆವು! ಕೋಣೆ ತುಂಬ ಜನ ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ತಬ್ಬಿದರು. ನನ್ನ ಹೆಂಡತಿ ಸೆರಗು ಕಚ್ಚಿ ಹಿಡಿದಳು. ಲಗಮಪ್ಪ ಅಂಗಳದಲ್ಲಿ ಸದ್ದಿಲ್ಲದೆ ಕುಣಿದ. ಕಾಕಾ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಎದುರು ಮನೆಯನ್ನೇ ನೋಡುತ್ತಿದ್ದರು. ಅರ್ಧ ನಿಮಿಷ ಅಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ.

"ಗೆದ್ದ್ವೀ!"

ಕಾಕು ಅಷ್ಟು ಜೋರಾಗಿ ಕೂಗಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಕಾಕಾ ಕಡ್ಡಿಪೆಟ್ಟಿಗೆ ತಿರುಗಿ ಕೊಟ್ಟರು. ವಸ್ತಿಗೆ ವಸ್ತಿಯೇ ಒಮ್ಮೆಲೇ ಒದರಿತು.

ಪಟಾಕಿಯ ಹೊಗೆಯಲ್ಲಿ ಕಾಕು ಬರಿಗಾಲಲ್ಲೇ ಓಡಿ ಬಂದರು. "ರೀ, ಗೆದ್ದ್ವಿರೀ!"

"ಹೌದಾ? ಹೆಂಗ? ಹೇಳ ನೋಡೋಣ."

ಗೊತ್ತಿದ್ದೂ ಕೇಳುತ್ತಿದ್ದಾರೆಂದು ಕಾಕುವಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ನಮ್ಮ ಕಟ್ಟೆಯ ಮೇಲೆ ಕೂತು ಕೊನೆಯ ಓವರನ್ನು ಒಂದೊಂದೇ ಎಸೆತವಾಗಿ ಹೇಳಿದರು. ಕಾಕಾ ನಡುವೆ ಬಾಯಿ ಹಾಕಲಿಲ್ಲ. ಕಡೆಯ ಎಸೆತಕ್ಕೆ ಬಂದಾಗ ಕಾಕು ಬೇಕೆಂದೇ ಮಾತು ನಿಲ್ಲಿಸಿ ಗಂಡನ ಮುಖ ನೋಡಿದರು. ಕಾಕಾ ಬಾಯಿ ತೆರೆದರು. ಮತ್ತೆ ಮುಚ್ಚಿದರು.

"ಮುಂದ?" ಎಂದು ಕೇಳಿದರು.