ಭಾಲ್ಕಿಯ ಕಾಕಾ ಮತ್ತು ನನ್ನ ಪರ್ಮಿಟ್ಟು

ಕಾಕಾ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುರಿದ ಶೇಂಗಾ ಸಿಪ್ಪೆಯಂಥ ಕಂದು ಚರ್ಮ. ಆ ಬೆರಳನ್ನೇ ಅವರು ಎಲ್ಲದಕ್ಕೂ ಮುಂದೆ ಮಾಡುತ್ತಿದ್ದರು: ಚಹಾದ ಕೆನೆ ತೆಗೆಯಲು, ಗಿರಾಕಿಗೆ ಸ್ವಿಚ್‌ಬೋರ್ಡಿನ ಜಾಗ ತೋರಿಸಲು, ನನ್ನನ್ನು ಬೈಯಲು. ಬೆರಳಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ. ನನಗೆ ಮಾತ್ರ ನಿಜ ಹೇಳಿದ್ದರು, ಅಥವಾ ನಿಜವೆಂದು ನಾನು ನಂಬಿಕೊಂಡಿದ್ದೇನೆ. ಕಮಠಾಣದ ಹೊಲವೊಂದರಲ್ಲಿ ಬಾವಿಯ ಮೋಟಾರು ಬಿಚ್ಚುವಾಗ ಜೊತೆಯವನು ಕರೆಂಟ್ ಬಂದ್ ಮಾಡಿದ್ದೇನೆ ಎಂದಿದ್ದ. ಮಾಡಿರಲಿಲ್ಲ.

"ಯಾರರ ಬಂದ್ ಮಾಡೇನಿ ಅಂದ್ರ ಹೂಂ ಅನ್ನು. ಆದ್ರ ಟೆಸ್ಟರ್ ಹಚ್ಚಿ ನೋಡಿದ ಮ್ಯಾಲೇ ಕೈ ಹಾಕು. ನಾ ಅಂದ್ರೂ ನೋಡು" ಎನ್ನುತ್ತಿದ್ದರು. ಇಷ್ಟು ಚೆಂದದ ಪಾಠ ಕಲಿಸಿದವರ ಮಾತನ್ನೇ ನಾನು ನೋಡದೆ ನಂಬಿದೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಔರಾದಿನ ಶಾಲೆಯಲ್ಲಿ ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತವರು. ಮುಂದೆ ಅಪ್ಪ ಔರಾದಿನಲ್ಲೇ ತೊಗರಿ ಬೆಳೆಯುತ್ತ ಉಳಿದರು, ಇವರು ಭಾಲ್ಕಿಗೆ ಹೋಗಿ ವಿದ್ಯುತ್ ಕೆಲಸದ ಗುತ್ತಿಗೆದಾರರಾದರು. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಸರ್ಕಾರ ಕೊಟ್ಟ ಲೈಸೆನ್ಸಿಗೆ ಗಾಜು ಹಾಕಿಸಿ ತೂಗುಹಾಕಿದ್ದರು. ಅದರ ಧೂಳನ್ನು ಬೆಳಿಗ್ಗೆ ತಾವೇ ಒರೆಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಗಿರಾಕಿ ಮರಾಠಿಯವರಾದರೆ ಮರಾಠಿ, ಇಲ್ಲದಿದ್ದರೆ ಕನ್ನಡ, ಬಾಕಿ ಕೇಳುವಾಗ ಮಾತ್ರ ಉರ್ದು. ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಿದ್ದರು. ಅದನ್ನೇ ನಾನು ಮಾಡಿದರೆ, "ಹಲ್ಲ ಹೋದ್ರ ನಿನಗ್ಯಾರು ಲಗ್ನ ಆಗ್ತಾರ?" ಎಂದು ತಲೆಗೆ ಮೊಟಕುತ್ತಿದ್ದರು.

ನಾನು ಬೀದರಿನಲ್ಲಿ ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದಾಗ ಹುಡುಗಿಯನ್ನು ಏಣಿ ಹತ್ತಿಸಲು ಯಾರೂ ತಯಾರಿರಲಿಲ್ಲ. ಕೇಳಿದ ಕಡೆಯಲ್ಲೆಲ್ಲ ಆಫೀಸಿನಲ್ಲಿ ಕೂತು ಬಿಲ್ಲು ಬರೆ ಎನ್ನುವವರೇ. ಬಿಲ್ಲು ಬರೆದರೆ ಪರ್ಮಿಟ್ಟು ಸಿಗುವುದಿಲ್ಲ. ಐಟಿಐ ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಇನ್ನೊಬ್ಬರ ಮನೆಗೆ ವೈರಿಂಗ್ ಮಾಡುವ ಹಕ್ಕು ಬರುವುದಿಲ್ಲವಲ್ಲ. ಅದಕ್ಕೆ ಸರ್ಕಾರದ ವೈರ್‌ಮನ್ ಪರ್ಮಿಟ್ಟು ಬೇಕು. ಪರ್ಮಿಟ್ಟಿಗೆ ಪರೀಕ್ಷೆ ಇದೆ. ಪರೀಕ್ಷೆಗೆ ಕೂರಬೇಕೆಂದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡಿದ್ದೇನೆಂದು ಅವರಿಂದಲೇ ಬರೆಸಿ ತರಬೇಕು. ನನ್ನ ಪಾಲಿಗೆ ಬಾಗಿಲು ಅಲ್ಲೇ ಮುಚ್ಚಿತ್ತು.

ಅಪ್ಪ ಭಾಲ್ಕಿಗೆ ಕರೆದುಕೊಂಡು ಹೋದರು. ಕಾಕಾ ನನ್ನ ಅಂಗೈ ಹಿಡಿದು, ತಿರುಗಿಸಿ ನೋಡಿ ನಕ್ಕರು.

"ಎರಡು ವರ್ಷ ನನ್ನ ಕೈಯಾಗ ಮಾಡು. ಅನುಭವದ ಪತ್ರ ನಾ ಕೊಡ್ತೇನಿ. ಪರ್ಮಿಟ್ಟು ಹ್ಯಾಂಗ ಬರಂಗಿಲ್ಲ ನೋಡ್ತೇನಿ" ಎಂದರು. ಆಮೇಲೆ ಅಪ್ಪನಿಗೆ, "ಫಿಕರ್ ಮಾಡಬ್ಯಾಡೋ, ನಿನ್ನ ಮಗಳು ನನಗೂ ಮಗಳೇ" ಎಂದರು. ಬಸ್ಸು ಹತ್ತುವಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು. ನಾನು ಅಲ್ಲೇ ಅವ್ವನ ತಂಗಿ ಮೌಶಿಯ ಮನೆಯಲ್ಲಿ ಉಳಿದುಕೊಂಡೆ.

ಸುಳ್ಳು ಹೇಳಬಾರದು, ಕಾಕಾ ಕಲಿಸಿದಂತೆ ಐಟಿಐ ಕಲಿಸಲಿಲ್ಲ. ಹೊಸ ಮನೆಯೊಳಗೆ ಕಾಲಿಟ್ಟರೆ ಮೊದಲು ಅಡುಗೆಮನೆಗೆ ಹೋಗಿ, ಆ ಮನೆಯ ಹೆಂಗಸನ್ನು ನಿಲ್ಲಿಸಿ, "ಅವ್ವಾ, ರೊಟ್ಟಿ ಬಡಿವಾಗ ನಿಮ್ಮ ಯಾವ ಕೈ ಖಾಲಿ ಇರ್ತದರಿ?" ಎಂದು ಕೇಳುತ್ತಿದ್ದರು. ಸ್ವಿಚ್ಚು ಆ ಕಡೆಗೇ ಬೀಳಬೇಕು. ಒಮ್ಮೆ ನಾನು ಅವಸರದಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಗೆ ಹಾಕುವ ಬದಲು ಅದು ಮರಳಿ ಹೋಗುವ ನ್ಯೂಟ್ರಲ್ ತಂತಿಗೆ ಹಾಕಿದೆ. ಒತ್ತಿದರೆ ದೀಪ ಉರಿಯಿತು, ಮತ್ತೆ ಒತ್ತಿದರೆ ಆರಿತು. ನಾನು ಹಿಗ್ಗಿ ನಿಂತಿದ್ದೆ. ಕಾಕಾ ಆರಿದ ದೀಪದ ಹೋಲ್ಡರಿಗೆ ಟೆಸ್ಟರ್ ಹಚ್ಚಿದರು. ಟೆಸ್ಟರು ಹೊಳೆಯಿತು.

"ದೀಪ ಆರ್ತು ಅಂದ್ರ ಕರೆಂಟ್ ಹೋತು ಅಂತ ತಿಳಿಬ್ಯಾಡ. ಒಳಗ ಅದು ಹಂಗೇ ಕುಂತಿರ್ತದ. ನಾಳಿ ಈ ಮನಿ ಸೊಸಿ ಬಲ್ಬ್ ಒರಸಲಿಕ್ಕ ಕೈ ಹಾಕಿದ್ರ?" ಅವರು ಆ ದಿನ ಬೈಯಲಿಲ್ಲ. ಇಡೀ ಮನೆಯ ವೈರಿಂಗ್ ಬಿಚ್ಚಿಸಿ ಮತ್ತೆ ಹಾಕಿಸಿದರು. ಆ ಸಂಜೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು ನನಗೆ.

ಹೀಗೆ ಎರಡು ವರ್ಷ ಕಳೆದು ಮೇಲೆ ಕೆಲವು ತಿಂಗಳಾಗಿರಬೇಕು. ಪತ್ರ ಕೇಳಿದಾಗಲೆಲ್ಲ, "ಔರಾದಿನ ಕೆಲಸ ಮುಗೀಲಿ" ಎನ್ನುತ್ತಿದ್ದರು. ಔರಾದಿನಲ್ಲಿ ಒಂದು ದೊಡ್ಡ ಫಂಕ್ಷನ್ ಹಾಲಿನ ಗುತ್ತಿಗೆ ಹಿಡಿದಿದ್ದರು. ನನ್ನ ಊರು! ಮುಖ್ಯ ಬೋರ್ಡಿನಿಂದ ಹಿಡಿದು ನೆಲದೊಳಗೆ ಇಳಿಸುವ ಅರ್ಥಿಂಗಿನವರೆಗೆ ನಾನೇ ಮುಂದೆ ನಿಂತು ಮಾಡಿದೆ. ಗುಂಡಿಗೆ ಇದ್ದಿಲು, ಉಪ್ಪು ಸುರಿದಿದ್ದೂ ನಾನೇ. ಕಾಕಾ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಕೆಲಸ ಮುಗಿದು ಪರಿಶೀಲನೆಗೆ ವಿದ್ಯುತ್ ಪರಿವೀಕ್ಷಕರು ಬರುವ ದಿನ ಅಪ್ಪನನ್ನೂ ಕರೆದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಬಾಗಿಲ ಬಳಿ ನಿಂತರು. ಪರಿವೀಕ್ಷಕರು ಬೋರ್ಡಿನ ಮುಚ್ಚಳ ತೆಗೆಸಿದರು, ಅಳತೆ ಹಿಡಿದರು, ತಂತಿಗಳನ್ನು ಜೋಡಿಸಿದ ರೀತಿಯನ್ನು ಬಗ್ಗಿ ನೋಡಿದರು.

"ಭಾಳ ಸ್ವಚ್ಛ ಅದ ಕೆಲಸ. ಯಾರು ಮಾಡಿದ್ದು?"

ಕಾಕಾ ಒಬ್ಬ ವೈರ್‌ಮನ್ನಿನ ಹೆಸರು ಹೇಳಿದರು. ಆ ಮನುಷ್ಯನನ್ನು ನಾನು ಎಂದೂ ಕಂಡಿರಲಿಲ್ಲ.

"ಮತ್ತ ಈಕಿ?" ಎಂದು ಪರಿವೀಕ್ಷಕರು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ಈಕಿನಾ? ನಮ್ಮ ದೋಸ್ತನ ಮಗಳ್ರಿ ಸಾಹೇಬ್ರ. ಊಟದ ಡಬ್ಬಿ ತಂದಾಳ."

"ಇಲ್ರಿ ಸರ್, ಈ ಬೋರ್ಡು ನಾನೇ ಹಾಕೀನಿ" ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಕಾಕಾ ಜೋರಾಗಿ ನಕ್ಕರು. "ಹುಚ್ಚ ಪೋರಿರಿ, ಟಿವಿ ನೋಡಿ ನೋಡಿ ಹಿಂಗಾಗ್ಯಾಳ" ಎಂದರು. ಸಾಹೇಬರೂ ನಕ್ಕು ಮುಂದಿನ ಕೋಣೆಗೆ ನಡೆದರು.

ಅಪ್ಪ ನಗಲಿಲ್ಲ. "ನನ್ನ ಮುಂದ ಅಂದ್ನಲ್ಲ ಅಂವ" ಎಂದಷ್ಟೇ ಹೇಳಿ ಮನೆ ಕಡೆ ಹೊರಟರು.

ಸಾಹೇಬರ ಜೀಪು ಹೋದ ಮೇಲೆ ಕಾಕಾನನ್ನು ಹಿಡಿದು ನಿಲ್ಲಿಸಿದೆ. ಅವರಿಗೆ ನಾಚಿಕೆಯೇನೂ ಇರಲಿಲ್ಲ. ದಡ್ಡ ಮಗುವಿಗೆ ತಿಳಿಸಿಹೇಳುವಂತೆ ಹೇಳಿದರು. ಲೈಸೆನ್ಸ್ ಉಳಿಯಬೇಕಾದರೆ ಪರ್ಮಿಟ್ಟಿರುವ ವೈರ್‌ಮನ್ ಕೈಕೆಳಗಿದ್ದಾನೆಂದು ತೋರಿಸಬೇಕು. ಅವರು ತೋರಿಸಿದ್ದ ಮನುಷ್ಯ ಬೀದರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ. ಹೆಸರು ಅವನದು, ಕೆಲಸ ನಮ್ಮದು.

"ನೀ ಮಾಡಿದ್ದು ಅಂತ ಒಪ್ಪಿದ್ರ, ಅಂವ ಎಲ್ಲಿ ಹೋಗಿದ್ದ ಅಂತ ಕೇಳ್ತಾರ. ನನ್ನ ಲೈಸೆನ್ಸೇ ಹೋಗ್ತದ. ಜರಾ ತಿಳ್ಕೊ."

"ಮತ್ತ ನನ್ನ ಪತ್ರ?"

"ಅದರಾಗೂ ಅದೇ ಪ್ರಶ್ನೆ ಬರ್ತದಲ್ಲವ್ವ, ನೀ ಯಾವ ವೈರ್‌ಮನ್ ಜೋಡಿ ಕಲಿತಿ ಅಂತ."

ಆಗ ತಿಳಿಯಿತು. ನನ್ನ ಅಂಗೈ ತಿರುಗಿಸಿ ನೋಡಿ ನಕ್ಕ ದಿನವೇ, ಅಪ್ಪನಿಗೆ ಫಿಕರ್ ಮಾಡಬೇಡ ಎಂದ ದಿನವೇ ಅವರಿಗೆ ಗೊತ್ತಿತ್ತು, ಆ ಪತ್ರ ತಾವು ಎಂದೂ ಬರೆಯಲಾರೆವೆಂದು. ಸಾಹೇಬರ ಮುಂದೆ ಹೆದರಿ ಬಾಯಿಗೆ ಬಂದ ಸುಳ್ಳಾಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಎರಡು ವರ್ಷ ದಿನಾ ಬೆಳಿಗ್ಗೆ ನನ್ನ ಮುಖ ನೋಡಿಕೊಂಡು ಇಟ್ಟುಕೊಂಡಿದ್ದ ಸುಳ್ಳದು.

ಅವರ ಕೆಲಸ ಬಿಟ್ಟು ಬೀದರಿಗೆ ಹೋದೆ. ಅಲ್ಲಿನ ಮೈಲೂರು ಬಡಾವಣೆಯಲ್ಲಿ ಒಂದು ಕೋಣೆ ಹಿಡಿದೆ. ಹತ್ತಾರು ಕಡೆ ತಿರುಗಿದ ಮೇಲೆ ಒಬ್ಬ ಮುಂಗೋಪದ ಗುತ್ತಿಗೆದಾರರು ಸೇರಿಸಿಕೊಂಡರು. ಅವರು ಏನೂ ಕಲಿಸಲಿಲ್ಲ, ಒಮ್ಮೆಯೂ ಮಗಳೇ ಎನ್ನಲಿಲ್ಲ. ಆದರೆ ಸೇರಿದ ದಿನವೇ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು, ಅವಧಿ ಮುಗಿದಾಗ ಕೇಳುವ ಮೊದಲೇ ಪತ್ರ ಕೈಗಿಟ್ಟರು. ಆದರೂ ಕನಸಿನಲ್ಲಿ ಕೆಲಸ ಮಾಡಿದರೆ ಅದು ಭಾಲ್ಕಿಯಲ್ಲೇ.

ಪರೀಕ್ಷೆಯಲ್ಲಿ ಮೌಖಿಕ ಪ್ರಶ್ನೆ ಕೇಳುವವರು, "ಸ್ವಿಚ್ಚು ಫೇಸ್ ತಂತಿಯಲ್ಲೇ ಯಾಕಿರಬೇಕು?" ಎಂದರು. ಪುಸ್ತಕದ ಉತ್ತರ ನನಗೆ ಬರುತ್ತಿತ್ತು. ಬಾಯಿಂದ ಹೊರಟಿದ್ದು ಮಾತ್ರ, "ದೀಪ ಆರ್ತು ಅಂದ್ರ ಕರೆಂಟ್ ಹೋತು ಅಂತ ತಿಳಿಬಾರ್ದ್ರಿ ಸರ್." ಅವರು ತಲೆಯೆತ್ತಿ, "ಯಾರು ಕಲಿಸಿದ್ರಮ್ಮ?" ಎಂದರು. "ಭಾಲ್ಕಿಯಾಗ ನಮ್ಮ ಕಾಕಾರಿ" ಎಂದೆ. ಹೊರಗೆ ಬಂದು ಗೋಡೆಗೆ ಹಣೆ ಒತ್ತಿ ಅತ್ತೆ. ಸಿಟ್ಟಿಗೋ ಏನೋ ನನಗೇ ಗೊತ್ತಾಗಲಿಲ್ಲ.

ಪರ್ಮಿಟ್ಟು ಬಂದ ಸುದ್ದಿ ಹೇಗೋ ಭಾಲ್ಕಿ ಮುಟ್ಟಿತು. ಒಂದು ಭಾನುವಾರ ಕಾಕಾ ಪೇಡೆಯ ಡಬ್ಬಿ ಹಿಡಿದು ಮೈಲೂರಿಗೆ ಬಂದರು. ಓಣಿಯವರಿಗೆಲ್ಲ ತಾವೇ ಹಂಚಿದರು. "ನಾ ತಯಾರ್ ಮಾಡಿದ ಪೋರಿರಿ ಇದು, ಎರಡು ವರ್ಷ ನನ್ನ ಹಂತೇಕೇ ಇದ್ದು ಕಲೀತು" ಎಂದು ಮನೆ ಮನೆಗೂ ಹೇಳಿದರು. ಸಾಹೇಬರ ಮುಂದೆ ಬಾಯಿಗೆ ಬಾರದ ಮಾತು ನಮ್ಮ ಓಣಿಯಲ್ಲಿ ಸಲೀಸಾಗಿ ಬಂತು. ನಾನು ಕರಗಿಬಿಟ್ಟೆ. ತಪ್ಪಾಯಿತು ಎನ್ನಲು ಬಂದಿದ್ದಾರೆ ಎಂದುಕೊಂಡೆ.

ಚಹಾ ಕುಡಿದ ಮೇಲೆ ಬಂದ ಕೆಲಸ ಹೇಳಿದರು. ಕಿರಾಣಿ ಅಂಗಡಿಯವನು ಕೈಕೊಟ್ಟಿದ್ದ. "ನಿನ್ನ ಪರ್ಮಿಟ್ಟು ನನ್ನ ಲೈಸೆನ್ಸಿಗೆ ಹಚ್ಚೋಣ. ನೀ ಏನೂ ಬರೋದು ಬ್ಯಾಡ, ಮನ್ಯಾಗ ಆರಾಮ ಇರು. ಹೆಸರಷ್ಟ ಇದ್ರ ಸಾಕು."

"ಕೆಲಸಕ್ಕ ಕರೀರಿ ಕಾಕಾ, ಈಗೇ ಬರ್ತೇನಿ" ಎಂದೆ. "ಬರೇ ಹೆಸರು ಕೊಡಂಗಿಲ್ಲ."

ಅವರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಟವರು ತಿರುಗಿ ನೋಡಲಿಲ್ಲ.

ಮರುವರ್ಷ ಅವರು ತೀರಿಕೊಂಡರು. ಅಪ್ಪ ಬರುವುದಿಲ್ಲ ಎಂದರು. ನಾನು ಒಬ್ಬಳೇ ಭಾಲ್ಕಿಗೆ ಹೋದೆ. ಅವರ ಹೆಂಡತಿ, ನನಗೆ ಎಷ್ಟೋ ಮಧ್ಯಾಹ್ನ ಬಿಸಿ ರೊಟ್ಟಿ ಬಡಿದು ಹಾಕಿದ ಕಾಕಿ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಕಡೀತನಾ ನಿನ್ನ ಮ್ಯಾಲ ಸಿಟ್ಟಿತ್ತವ್ವ ಅವ್ರಿಗೆ. ಮಗಳಂಗ ಕಲಿಸ್ದೆ, ದೊಡ್ಡಾಕಿ ಆದ ಮ್ಯಾಲ ನನಗ ದಗಾ ಮಾಡಿದ್ಳು ಅಂತಿದ್ರು. ಯಾಕ ಹಂಗ ಮಾಡ್ದಿ?"

ದಗಾ. ಇಷ್ಟು ವರ್ಷ ಯಾರ ಮುಂದೆಯೂ ಆಡದೆ ನಾನು ನಾಲಿಗೆಯ ಮೇಲೆ ಹಿಡಿದಿಟ್ಟುಕೊಂಡಿದ್ದ ಮಾತು. ಅದನ್ನು ಕಾಕಾ ನನ್ನ ಮೇಲೇ ಹೊರಿಸಿ ಹೋಗಿದ್ದರು. ಕಾಕಿಗೆ ಫಂಕ್ಷನ್ ಹಾಲಿನ ಸುದ್ದಿಯೇ ಗೊತ್ತಿರಲಿಲ್ಲ. ಅವರು ಜಗಳಕ್ಕೆ ಕೇಳುತ್ತಿರಲಿಲ್ಲ, ನಿಜವಾಗಿ ತಿಳಿಯದೆ ಕೇಳುತ್ತಿದ್ದರು. ಬಂದವರೆಲ್ಲ ನನ್ನ ಕಡೆ ನೋಡುತ್ತಿದ್ದರು.

"ತಪ್ಪಾತು ಕಾಕಿ" ಎಂದೆ.

ನನ್ನ ಕೆಲಸವನ್ನು ಕಾಕಾ ಯಾರದೋ ಹೆಸರಿಗೆ ಹಾಕಿದ್ದರು. ಅವರ ತಪ್ಪನ್ನು ಅಂದು ನಾನು ನನ್ನ ಹೆಸರಿಗೆ ಹಾಕಿಕೊಂಡು ಎದ್ದು ಬಂದೆ. ಕಲಿಸಿದ್ದಕ್ಕೆ ಇಷ್ಟು ಸಾಕು ಕಾಕಾ, ಇದಕ್ಕಿಂತ ಹೆಚ್ಚು ನನ್ನಿಂದಾಗದು.