ನಾನು ತಪ್ಪಾಗಿ ಓದಿದ ಕಾಗದ

ಹುಣಸೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಈಚೆಗೊಂದು ದಿನ ಹತ್ತನೇ ತರಗತಿಯವರಿಗೆ ಹಳೆಯ ಕಾಲದ ಕಥೆಯೊಂದನ್ನು ಓದಿ ಹೇಳುತ್ತಿದ್ದೆ. ಅದರಲ್ಲಿ ಒಬ್ಬ ಮುದಿ ಸೈನಿಕ ‘ವಾಂಟೆಡ್ ಆ್ಯನ್ ಆರ್ಮ್’ ಎಂದಿತ್ತು.

“ಮಿಸ್, ಅವನಿಗೆ ಯಾರ ಕೈ ಬೇಕಾಗಿತ್ತು?” ಎಂದು ಒಬ್ಬಳು ಕೇಳಿದಳು.

ನನಗೂ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನಿಂದ ದಪ್ಪ ನಿಘಂಟು ತರಿಸಿ ನೋಡಿದೆ. ಈಗ ನಾವು ‘ಬೇಕು’ ಎಂದು ಬಳಸುವ ‘ವಾಂಟ್’ಗೆ ಹಿಂದೆ ‘ಕೊರತೆ’ ಎಂಬ ಅರ್ಥವೂ ಇತ್ತಂತೆ. ಸೈನಿಕನಿಗೆ ಒಂದು ಕೈ ಇರಲಿಲ್ಲ, ಅಷ್ಟೆ. ಮಕ್ಕಳಿಗೆ ಹಾಗೆಂದು ಹೇಳುತ್ತಿದ್ದಂತೆಯೇ, ಚಿಕ್ಕವಳಿದ್ದಾಗ ಓದಿ ಹೇಳಿದ್ದ ಒಂದು ಕಾಗದ ನೆನಪಾಯಿತು.

ಹಾರನಹಳ್ಳಿಯಲ್ಲಿ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ದೊಡ್ಡವ್ವನ ತಂದೆ ಕೊಡಗಿನ ಕಾಫಿ ತೋಟದಲ್ಲಿ ಬಿಳಿಯ ದೊರೆಯೊಬ್ಬನ ಮನೆಯ ಅಡುಗೆಯವರಾಗಿದ್ದು, ಕೆಲಸ ಬಿಟ್ಟು ಊರಿಗೆ ಬಂದು ತೀರಿಕೊಂಡಿದ್ದರು. ಕೆಲಸ ಬಿಡುವಾಗ ಅವರಿಗೆ ದೊರೆ ಬರೆದುಕೊಟ್ಟ ಕಾಗದಕ್ಕೆ ದೊಡ್ಡವ್ವ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಒಂದು ದಿನ ನನ್ನನ್ನು ಕರೆದು, “ಅದ್ರಾಗೆ ಏನ್ ಬರ್ದವ್ನೆ ಓದವ್ವಾ” ಎಂದಳು.

‘ತೋರಿಸಿದ’ ಎಂಬರ್ಥದ ‘ಶೋನ್’ ಪದದಲ್ಲಿ ಇಂಗ್ಲಿಷಿನ ‘ಓ’ ಅಕ್ಷರದ ಬದಲು ‘ಇ’ ಬರೆದಿತ್ತು. “ದೊರೆಗೆ ಸ್ಪೆಲಿಂಗೇ ಬರಾಕಿಲ್ಲ” ಎಂದು ನಕ್ಕೆ. ಆಮೇಲಿನ ಸಾಲು, ‘ಇನ್ ಆನೆಸ್ಟಿ ಹಿ ವಾಂಟ್ಸ್ ನಥಿಂಗ್.’ ಕ್ಷಣವೂ ಯೋಚಿಸದೆ, “ನಿಯತ್ತು ಅಂದ್ರೆ ಇವನಿಗೆ ಬೇಕಾಗೇ ಇಲ್ಲ ಅಂತ ಬರ್ದವ್ನೆ” ಎಂದುಬಿಟ್ಟೆ.

ಮಾರನೆಯ ದಿನ ಆ ಫ್ರೇಮಿನಲ್ಲಿ ಲಕ್ಷ್ಮಿಯ ಪಟವಿತ್ತು.

ತರಗತಿಯಲ್ಲಿ ಇದೆಲ್ಲ ನೆನಪಾದ ಮೇಲೆ ಶನಿವಾರದವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಉಕ್ಕಿಸಿದೆ, ಬೋರ್ಡಿನ ಮೇಲೆ ಹಿಂದಿನ ದಿನದ ತಾರೀಖು ಬರೆದೆ. ನಿಘಂಟಿನಲ್ಲಿ ‘ಶೋ’ ಪದವನ್ನೂ ಹುಡುಕಿದೆ. ದೊರೆ ಬರೆದದ್ದು ತಪ್ಪಲ್ಲ, ಹಳೆಯ ಕಾಗುಣಿತ. ದೊಡ್ಡವ್ವ ಈಗ ಬೀಚನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಅಮ್ಮನಿಂದ ತಿಳಿಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಎಚ್.ಡಿ. ಕೋಟೆಯ ಬಸ್ಸು ಹತ್ತಿದೆ. ಸೀಟು ಸಿಕ್ಕಿದರೂ ನಿಂತೇ ಇದ್ದೆ. ಅವಳು ಮರೆತೇಬಿಟ್ಟಿದ್ದರೆ? ಮರೆತದ್ದನ್ನು ನಾನಾಗಿ ಕೆದಕಿದಂತಾಗುವುದಿಲ್ಲವೇ? ಕೋಟೆಯಲ್ಲಿಳಿದು, ವಾಪಸು ಹೋಗಿಬಿಡಲೇ ಎಂದು ಎರಡು ಸಲ ಯೋಚಿಸಿ, ಕೊನೆಗೆ ಆಟೋ ಹಿಡಿದೆ.

ದೊಡ್ಡವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗುರುತು ಹಿಡಿದು ನಕ್ಕಳು. ನಾನು ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಂತಿತು.

“ಅಂಗಂದ್ರೆ?”

“ನಿಯತ್ತಿನಲ್ಲಿ ಇವನಿಗೆ ಏನೂ ಕೊರತೆಯಿಲ್ಲ ಅಂತ ಬರೆದಿದ್ದಾನೆ, ದೊಡ್ಡವ್ವ. ತಪ್ಪು ಓದಿದವಳು ನಾನು.”

ಅವಳು ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಮಡಿಕೆಗಳಲ್ಲಿ ಹರಿದಿದ್ದ ಕಾಗದವನ್ನು ತಂದು ನನ್ನ ಮುಂದೆ ಹಿಡಿದಳು. “ಇನ್ನೊಂದ್ ದಪ ಓದು. ನಿಧಾನುಕ್ಕೆ ಓದು.”

ಓದಿದೆ. ಒಂದೊಂದು ಪದಕ್ಕೂ ಬೆರಳಿಟ್ಟು ಅರ್ಥ ಹೇಳಿದೆ.

“ಮಂಡಿ ನೋವು ಅಂತ ಕೆಲ್ಸ ಬುಟ್ಟು ಬಂದೆ ಅಂತಿತ್ತು ನಮ್ಮಪ್ಪ. ನೀನು ಓದಿದ್ ಮ್ಯಾಗೆ, ಕದ್ದು ಸಿಕ್ಕಾಕಂಡು ಬಂದಿರ್ಬೇಕು ಅನ್ಕಂಡೆ ಕಣವ್ವ. ತಿಥಿಗೆ ಎಡೆ ಇಕ್ಕುವಾಗ್ಲೂ ಅದೇ ಯೋಚ್ನೆ ಬರದು.” ಅವಳ ದನಿ ಏರಿತು. “ಇಷ್ಟು ವರ್ಸ ಎಲ್ಲೋಗಿದ್ದೆ ನೀನು? ಟೀಚರಾಗಿ ಎಷ್ಟು ಕಾಲ ಆಯ್ತು?”

“ಇಪ್ಪತ್ತು ವರ್ಷ.”

“ಇಪ್ಪತ್ತು ವರ್ಸುದಾಗೆ ಒಂದಿನಾನೂ ಗೊತ್ತಾಗ್ನಿಲ್ವಾ?”

ಮಗಳು ಕಾಫಿ ತಂದಿಟ್ಟಳು. ದೊಡ್ಡವ್ವ ಅವಳಿಂದ ಕೆ.ಆರ್. ನಗರದಲ್ಲಿರುವ ತನ್ನ ತಮ್ಮನಿಗೆ ಫೋನು ಮಾಡಿಸಿ ನನ್ನ ಕೈಗೆ ಕೊಟ್ಟಳು.

“ಅವ್ನಿಗೂ ಅನುಮಾನ ತುಂಬಿದ್ದು ನಾನೇಯ. ನನ್ ಮಾತು ನಂಬಾಕಿಲ್ಲ. ನೀನೇ ಯೋಳು.”

ಆ ಕಡೆಯಿಂದ ಗಂಡಸಿನ ದನಿ “ಯಾರು?” ಎಂದಿತು. ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಓದತೊಡಗಿದೆ.